ನೂರಾ ಅರವತ್ತು ಸೆಂಟಿಮೀಟರ್ ವರ

ನಾನು ಕೃಷ್ಣರಾಜಪೇಟೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವರ್ಷದ ಮೊದಲ ಪಾಠವೇ ಅಳತೆಯ ಮಾನಗಳದ್ದು. ಅಡಿ, ಇಂಚು, ಫ್ಯಾರನ್‌ಹೀಟ್ ಎಲ್ಲ ಬ್ರಿಟಿಷರು ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಮರೆತುಹೋದ ಸಾಮಾನು ಎಂದು ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ತರಗತಿಯಲ್ಲಿ ಅಷ್ಟು ಹೇಳಿ ಸುಮ್ಮನಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಅದನ್ನು ಬೀದಿಗೂ ಹೊತ್ತುಕೊಂಡು ಹೋದೆ.

ಹಾರ್ಡ್‌ವೇರ್ ಅಂಗಡಿಗೆ ಹೋದರೆ "ಮೂವತ್ತೆಂಟು ಮಿಲಿಮೀಟರ್ ಪೈಪು ಕೊಡಿ" ಎನ್ನುವುದು. ಅಂಗಡಿಯವರು ನನ್ನನ್ನು ಒಂದು ಗಳಿಗೆ ನೋಡಿ "ಒಂದೂವರೆ ಇಂಚು ತಾನೆ?" ಎಂದರೆ, "ನೀವು ಹಾಗೆ ಕರೆಯುತ್ತೀರಿ" ಎಂದು ಸಣ್ಣಗೆ ನಗುವುದು. ಆ ನಗು ನೆನೆಸಿಕೊಂಡರೆ ಈಗ ನನಗೇ ನನ್ನ ಕೆನ್ನೆಗೆ ಬಾರಿಸಬೇಕು ಅನಿಸುತ್ತದೆ.

ಅಕ್ಕಿಹೆಬ್ಬಾಳಿನ ಹತ್ತಿರದ ಊರಲ್ಲಿರುವ ನನ್ನ ಅಪ್ಪನಿಗೂ ನನ್ನ ಕಾಟ ತಪ್ಪಿರಲಿಲ್ಲ. ನಮ್ಮ ಗದ್ದೆಗೆ ಬರುವುದು ಹೇಮಾವತಿಯ ನೀರು. ಆದರೂ ಕೆ.ಆರ್.ಎಸ್. ಕಟ್ಟೆ ಎಷ್ಟು ತುಂಬಿದೆ ಎಂದು ತಿಳಿಯದೆ ಅಪ್ಪ ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. ಒಂದು ಆಗಸ್ಟ್‌ನಲ್ಲಿ ಕಟ್ಟೆ ಭರ್ತಿಯಾದ ದಿನ ನಾನು ಪೇಪರು ಹಿಡಿದು, ಅಲ್ಲೇ ಲೆಕ್ಕ ಹಾಕಿ, "ಮೂವತ್ತೆಂಟು ಮೀಟರ್" ಎಂದೆ.

ಅಪ್ಪ ಲೋಟ ಕೆಳಗಿಟ್ಟರು. "ಮೂವತ್ತೆಂಟಾ? ನೆನ್ನೆ ನೂರಿಪ್ಪತ್ನಾಕಡಿ ಇತ್ತಲ್ಲೋ! ಕಟ್ಟೆ ಏನಾದ್ರೂ ಒಡ್ದೋಯ್ತೇನ್ಲಾ?"

ಸಮಾಧಾನ ಮಾಡಲು ಕಾಲು ಗಂಟೆ ಬೇಕಾಯಿತು. ಆಮೇಲೆ ಅಪ್ಪ ಪೇಪರನ್ನು ನನ್ನ ಕೈಗೆ ಕೊಡುವುದನ್ನೇ ಬಿಟ್ಟರು.

ಇಷ್ಟೆಲ್ಲ ತತ್ವನಿಷ್ಠೆಯ ಹಿಂದೆ ಒಂದು ಸಣ್ಣ ವಿಷಯವಿತ್ತು. ಸಣ್ಣದು ಎಂದರೆ ನಾನೇ. ನನ್ನ ಎತ್ತರ ಐದಡಿ ಮೂರಿಂಚು. ಕಾಲೇಜಿನಲ್ಲಿ ಓದುವಾಗ ಗೋಡೆಗೆ ಒರಗಿಸಿ ಅಳೆದವರು ಯಾರೋ "ಐದು ಮೂರು" ಎಂದು ಕೂಗಿದ್ದರು. ಹಿಂದಿನ ಬೆಂಚಿನವರೆಲ್ಲ ನಕ್ಕಿದ್ದರು. ಅದೇ ಎತ್ತರ ಸೆಂಟಿಮೀಟರಿನಲ್ಲಿ ನೂರಾ ಅರವತ್ತಾಗುತ್ತದೆ. ಐದು ಮೂರು ಎಂಬ ಪುಡಿಗಾಸಿನಂಥ ಸಂಖ್ಯೆ ಎಲ್ಲಿ, ನೂರಾ ಅರವತ್ತು ಎಂಬ ಗಂಭೀರ ಸಂಖ್ಯೆ ಎಲ್ಲಿ! ಮೆಟ್ರಿಕ್ ಪದ್ಧತಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ದಿನವೇ ಇರಬೇಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿಕೊಂಡಿರಲಿಲ್ಲ.

ನನಗೆ ಹೆಣ್ಣು ನೋಡಲು ಶುರುವಾದಾಗ ನನ್ನ ಸೋದರಮಾವ ಮುಂದಾಳಾದರು. ಬಯೋಡೇಟಾ ಮಾಡಿಸಲು ಪೇಟೆಯ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದರು. ಟೈಪು ಮಾಡುವ ಹೆಂಗಸು ಹೆಸರು, ನಕ್ಷತ್ರ, ಓದು ಎಲ್ಲ ಬರೆದುಕೊಂಡು, "ಐಟು?" ಎಂದರು.

"ನೂರಾ ಅರವತ್ತು ಸೆಂಟಿಮೀಟರ್."

"ಅಡೀಲೇಳಿ ಸಾ. ಎಲ್ರೂ ಅಡೀಲೇ ಆಕ್ಸದು."

"ನಾನು ಅಡಿ ಬಳಸೋದಿಲ್ಲಮ್ಮ. ವಿಜ್ಞಾನದಲ್ಲಿ ಅಡಿ ಇಲ್ಲ."

ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಐದು ಆರು ಅಂತ ಆಕ್ಸು ಕಣ್ಲಾ, ಯಾರ್ ಬಂದು ಅಳೀತಾರೆ?" ಎಂದರು. ಸುಳ್ಳು ಬರೆಸಲಾರೆ ಎಂದು ನಾನು ಎದೆಯುಬ್ಬಿಸಿದೆ. ಎದೆಯುಬ್ಬಿಸಿದರೆ ಅರ್ಧ ಸೆಂಟಿಮೀಟರ್ ಹೆಚ್ಚಾಗುತ್ತದೆ, ಅದು ಬೇರೆ ಮಾತು.

ಆ ಕಾಗದ ಮೊಬೈಲಿನಿಂದ ಮೊಬೈಲಿಗೆ ಹಾರಿ, ಒಂದು ತಿಂಗಳಲ್ಲಿ ನಾಗಮಂಗಲದ ಆಚೆಯ ಒಂದು ಹಳ್ಳಿಯಿಂದ ಕರೆ ಬಂತು. ಹುಡುಗಿಯ ತಂದೆ ಎತ್ತರ ಕೇಳಿದರಂತೆ. ಮಾವ ಕಾಗದ ನೋಡಿ, "ನೂರಾ ಅರವತ್ತು ಅಂತ ಬರ್ದದೆ. ಒಳ್ಳೆ ಆಳೇ ಬುಡಿ" ಎಂದುಬಿಟ್ಟರು. ಅತ್ತ ಕಡೆಯವರು ಭಾನುವಾರ ಬನ್ನಿ ಎಂದರು.

ಆಗ ನನಗೆ ದಿಗಿಲಾಯಿತು. ಶನಿವಾರ ಕಾಲೇಜು ಮುಗಿಸಿ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ. ಪೇಟೆಯ ಅಂಗಡಿಗಳಲ್ಲಿ ಎಲ್ಲರೂ ನನ್ನ ಹಳೆಯ ವಿದ್ಯಾರ್ಥಿಗಳ ತಂದೆತಾಯಿಗಳೇ. ಅವರ ಮುಂದೆ ಹಿಮ್ಮಡಿ ಎತ್ತರದ ಶೂ ಕೇಳಲು ಮುಖವಿರಲಿಲ್ಲ. ಪಾಂಡವಪುರದ ಅಂಗಡಿಯವರು ಒಂದು ಕಪ್ಪು ಜೋಡಿ ತೆಗೆದು, "ತಗಳಿ, ಇದು ಎರಡಿಂಚು ಎತ್ತುತ್ತದೆ. ಯಾರ್ಗೂ ಗೊತ್ತಾಗಕಿಲ್ಲ" ಎಂದರು. ಎರಡಿಂಚು ಎಂದರೆ ಐದು ಸೆಂಟಿಮೀಟರ್ ಎಂದು ನಾನು ಅವರನ್ನು ತಿದ್ದಲಿಲ್ಲ. ಆ ಇಂಚುಗಳು ಕಿವಿಗೆ ಹಿತವಾಗಿದ್ದವು. ಪಕ್ಕದ ಟೈಲರ್ ಹತ್ತಿರ ಶೂ ಹಾಕಿಕೊಂಡೇ ನಿಂತು ಹೊಸ ಪ್ಯಾಂಟಿನ ಅಂಚು ಹೊಲಿಸಿದೆ.

ಭಾನುವಾರ ನಾನು, ಅಪ್ಪ, ಮಾವ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಕಾಲು ನೋಡಿಕೊಳ್ಳುತ್ತ ಖುಷಿಯಾಗಿದ್ದೆ. ಹುಡುಗಿಯ ಮನೆ ಬಂತು. ಅಂಗಳದಲ್ಲಿ ಬಿಂದಿಗೆಯಲ್ಲಿ ನೀರು, ಜಗಲಿಯ ಪಕ್ಕ ಸಾಲಾಗಿ ಬಿಟ್ಟ ಚಪ್ಪಲಿಗಳು. ಅಪ್ಪ ಚಪ್ಪಲಿ ಬಿಟ್ಟರು. ಮಾವ ಬಿಟ್ಟರು. ನಾನು ನಿಂತೆ.

ಮನೆಯೊಳಗೆ ಶೂ ಹಾಕಿಕೊಂಡು ಹೋಗುವಂತಿಲ್ಲ ಎಂಬುದು ಮೂವತ್ತೆರಡು ವರ್ಷ ಈ ಸೀಮೆಯಲ್ಲೇ ಬೆಳೆದ ನನಗೆ ಹೊಳೆದಿರಲಿಲ್ಲ. ಬಾಗಿಲಲ್ಲಿ ಹುಡುಗಿಯ ತಂದೆ ಕೈಮುಗಿದು, "ಬನ್ನಿ ಬನ್ನಿ, ಕಾಲ್ ತೊಳ್ಕಳಿ" ಎನ್ನುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಕೂತು ಶೂ ದಾರ ಬಿಚ್ಚಿ ಎರಡು ಇಂಚನ್ನೂ ಜಗಲಿಯ ಕೆಳಗೆ ಬಿಟ್ಟು ಎದ್ದೆ. ಪ್ಯಾಂಟಿನ ಅಂಚು ಪಾದ ಮುಚ್ಚಿ ನೆಲ ಗುಡಿಸತೊಡಗಿತು. ಒದ್ದೆ ಕಾಲಿಗೆ ಸಿಕ್ಕಿಕೊಂಡು ಹೊಸ್ತಿಲ ಹತ್ತಿರ ಮುಗ್ಗರಿಸಿದೆ. ಹುಡುಗಿಯ ತಂದೆಯೇ ಭುಜ ಹಿಡಿದು ನಿಲ್ಲಿಸಿದರು. ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಒಂದು ಸಲ ಕಣ್ಣಾಡಿಸಿ, ಕಿಟಕಿಯ ಚೌಕಟ್ಟು ನೋಡಿದವರ ಹಾಗೆ, "ಐದು ಮೂರು" ಎಂದು ತಮಗೆ ತಾವೇ ಹೇಳಿಕೊಂಡರು.

ಅವರು ಮನೆ ಕಟ್ಟುವ ಮೇಸ್ತ್ರಿ ಎಂಬುದನ್ನು ಮಾವ ನನಗೆ ಹೇಳಲು ಮರೆತಿದ್ದರು. ಹುಡುಗಿ ನಾಗಮಂಗಲದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವುದನ್ನೂ ಮರೆತಿದ್ದರು.

ಎಲ್ಲರೂ ಒಳಗೆ ಹೋಗಿ ಕೂತೆವು. ಮಾವ ಗಂಟಲು ಸರಿಮಾಡಿಕೊಂಡು, "ಅದು ಸೆಂಟಿಮೀಟ್ರು ಲೆಕ್ಕ ನೋಡಿ. ನಮ್ಮುಡ್ಗ ಎಲ್ಲಾ ಅದ್ರಲ್ಲೇ ಏಳದು" ಎಂದರು. ನನಗೆ ಅಷ್ಟು ಸಾಕಾಯಿತು. ಮೀಟರ್ ಎಂದರೇನು, ಹತ್ತರ ಲೆಕ್ಕ ಎಷ್ಟು ಸುಲಭ, ಪ್ರಪಂಚವೆಲ್ಲ ಹೇಗೆ ಅಡಿಯನ್ನು ಕೈಬಿಟ್ಟಿದೆ ಎಂದು ಪಾಠ ಶುರುಮಾಡಿದೆ. ಗಾಬರಿಯಾದಾಗ ನನಗೆ ಬರುವುದು ಅದೊಂದೇ. ಮೇಸ್ತ್ರಿ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ, "ಸರಿ ಮೇಷ್ಟ್ರೇ. ಪ್ಯಾಟೇಲಿ ಸೈಟ್ ತಗಂಡಿದ್ದೀರಂತಲ್ಲ, ಎಷ್ಟದು?" ಎಂದರು.

"ಥರ್ಟಿ ಫಾರ್ಟಿ" ಎಂದೆ.

ಮೂವತ್ತಡಿಗೆ ನಲವತ್ತಡಿ; ಅಡಿಯ ಲೆಕ್ಕವೇ ಬಾಯಿಂದ ಬಿದ್ದುಹೋಗಿತ್ತು. ಮೇಸ್ತ್ರಿಯ ಮೀಸೆ ಅಲುಗಿತು. ಅಪ್ಪ ಸೂರು ನೋಡಿದರು. ಅಡುಗೆಮನೆಯೊಳಗಿಂದ ಯಾರೋ ತಡೆಯಲಾರದೆ ಗಟ್ಟಿಯಾಗಿ ನಕ್ಕರು.

ನಕ್ಕವಳೇ ಕಾಫಿ ತಂದಳು. ನನಗಿಂತ ಎತ್ತರವಿದ್ದಳು. ಲೋಟ ತೆಗೆದುಕೊಳ್ಳಲು ಎದ್ದು ನಿಂತವನು, ಅದನ್ನು ಕಂಡು ತಕ್ಷಣ ಕೂತುಬಿಟ್ಟೆ. ಈ ಸಂಬಂಧ ಮುಗಿಯಿತು ಎಂದುಕೊಂಡೆ. ಆದರೆ ಹಿರಿಯರು ವಾಡಿಕೆಯಂತೆ "ಇಬ್ರೂ ಒಸಿ ಮಾತಾಡ್ಕಳಿ" ಎಂದು ನಮ್ಮನ್ನು ಹಿತ್ತಲಿಗೆ ಕಳಿಸಿದರು.

ಹಿತ್ತಲಿನಲ್ಲಿ ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು. ಅವಳು ನನ್ನ ಕಾಲು ನೋಡಿ, "ಪ್ಯಾಂಟು ಎರಡಿಂಚು ಉದ್ದ ಆಗದೆ. ಯಾರ್ ಒಲ್ದಿದ್ದು?" ಎಂದಳು.

ಟೈಲರ್ ಮುಂದೆ ಏನು ಮುಚ್ಚಿಡುವುದು? ಶೂ ತಂದದ್ದು, ಅದಕ್ಕಾಗಿ ಪಾಂಡವಪುರದವರೆಗೆ ಹೋದದ್ದು ಎಲ್ಲ ಹೇಳಿದೆ. ಈ ಸಲ ಅವಳು ನಗಲಿಲ್ಲ. ಹಿತ್ತಲ ಗೋಡೆಯ ಹತ್ತಿರ ಹೋಗಿ, ಸೀಮೆಸುಣ್ಣದ ಒಂದು ಗೆರೆ ತೋರಿಸಿದಳು.

"ನಿಮ್ ಕಾಗ್ದ ಬಂದ್ ದಿವ್ಸ ನಾನೇ ಅಳ್ದು ಗೀಚಿದ್ದು. ನಮ್ ಟೇಪಿನ ಇಂದ್ಗಡೆ ಸೆಂಟಿಮೀಟ್ರು ಇರ್ತದೆ, ಆದ್ರೆ ಅರವತ್ತಿಂಚಿಗೇ ಮುಗ್ದೋಯ್ತದೆ. ಮಿಕ್ಕಿದ್ಕೆ ಮತ್ತೆ ಮೊದ್ಲಿಂದ ಇಟ್ಟೆ. ಅರವತ್ಮೂರಿಂಚು ಬಂತು. ಪಕ್ಕದಲ್ಲಿ ನಿಂತ್ಕಂಡೆ. ನನ್ ಅಣೆಗೆ ಬಂತು."

"ಅಂದ್ರೆ ಮೊದಲೇ ಗೊತ್ತಿತ್ತಾ?"

"ಅಪ್ಪಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ನಿಂತ್ಕಳಿ ನೋಡವ."

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತೆ. ಹಿಮ್ಮಡಿ ಎತ್ತಬೇಕೆಂಬ ಆಸೆ ಬಂದು ಹೋಯಿತು, ಎತ್ತಲಿಲ್ಲ. ಅವಳು ಅಂಗೈಯನ್ನು ನನ್ನ ನೆತ್ತಿಯ ಮೇಲೆ ಚಪ್ಪಟೆ ಇಟ್ಟು ಗೋಡೆಗೆ ತಾಗಿಸಿದಳು. ಗೆರೆಗೆ ಸರಿಯಾಗಿ ಕೂತಿತು.

"ಸುಳ್ ಬರ್ದಿಲ್ಲ ನೀವು" ಎಂದಳು. "ಇದ್ಕೆ ಮೊದ್ಲು ಬಂದಿದ್ದೋನು ಐದು ಒಂಬತ್ತು ಅಂತ ಬರ್ಸಿದ್ದ. ಬಂದ್ರೆ ನನ್ನಷ್ಟೇ ಇದ್ದ. ಅಳ್ತೆ ಸುಳ್ಳಾದ್ರೆ ನಂಗೆ ಸಿಟ್ಟು ಬತ್ತದೆ."

ನಾನು ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ಅಂಗೈಯ ಬಿಸಿ ಇನ್ನೂ ನೆತ್ತಿಯ ಮೇಲಿತ್ತು. "ಸುಳ್ಳಲ್ಲ. ಆದ್ರೆ ವಿಜ್ಞಾನ ಅಂತ ಹೇಳಿದ್ದು ನೆಪ. ಐದು ಮೂರು ಅನ್ನೋಕೆ ನಾಚಿಕೆ ಆಗಿ ಸೆಂಟಿಮೀಟರ್ ಬರೆಸಿದೆ" ಎಂದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು. ಹೇಳಿದ ಮೇಲೆ ಮೈ ಹಗುರಾಯಿತು. ಅವಳು "ಗೊತ್ತಾಯ್ತು ಬುಡಿ" ಎಂದು ಒಳಗೆ ಹೋದಳು.

ಒಂದು ವಾರ ಸುದ್ದಿಯಿಲ್ಲ. ತರಗತಿಯಲ್ಲಿ ಮೂರು ಸಲ ಒಂದೇ ಲೆಕ್ಕ ತಪ್ಪು ಮಾಡಿದೆ. ಎಂಟನೆಯ ದಿನ ಮೇಸ್ತ್ರಿಯೇ ನೇರ ನನಗೆ ಫೋನು ಮಾಡಿದರು. ಹಿಂದೆ ಸಿಮೆಂಟ್ ಕಲೆಸುವ ಯಂತ್ರದ ಸದ್ದು.

"ನೋಡಿ ಮೇಷ್ಟ್ರೇ, ಗಂಡು ಕುಳ್ಳ, ಜನ ಆಡ್ಕತಾರೆ ಅಂತ ನಾನು ಬ್ಯಾಡ ಅಂದೆ. ನನ್ ಮಗ್ಳು ಕೇಳ್ತಾಳೆ, ಬಾಗ್ಲು ಎರಡಿಂಚು ಕಮ್ಮಿಯಾದ್ರೆ ತಲೆ ಒಡೀತದೆ, ಗಂಡ ಎರಡಿಂಚು ಕಮ್ಮಿಯಾದ್ರೆ ಏನಪ್ಪ ಒಡೀತದೆ ಅಂತ. ಅದ್ಕೇ ಫೋನ್ ಮಾಡ್ದೆ. ನಿಮ್ತಂದೆಯವ್ರಿಗೆ ಏಳ್ಬುಡಿ, ದಿನ ನೋಡವ."

ಮದುವೆಯಾಗಿ ಏಳು ವರ್ಷವಾಯಿತು. ಅವಳ ಅಂಗಡಿ ಈಗ ಪೇಟೆಯಲ್ಲೇ ಇದೆ. ನನ್ನ ಪ್ಯಾಂಟುಗಳ ಅಂಚು ಅವಳೇ ಹೊಲಿಯುತ್ತಾಳೆ. ಮನೆ ಕಟ್ಟಿದ್ದು ಅವಳ ಅಪ್ಪನೇ, ಪೂರ್ತಿ ಅಡಿ ಇಂಚಿನಲ್ಲಿ; ಒಂದು ಬಾಗಿಲೂ ಬಿಗಿಯಾಗಿಲ್ಲ. ಆದರೂ ನನ್ನ ಹುಟ್ಟುಗುಣ ಪೂರ್ತಿ ಹೋಗಿರಲಿಲ್ಲ. ಮಗಳು ಹುಟ್ಟಿದ ಮೇಲೆ ಹೊಸ ಎಲೆಕ್ಟ್ರಾನಿಕ್ ಥರ್ಮಾಮೀಟರ್ ತಂದು, ಅದರ ಗುಂಡಿ ಒತ್ತಿ, ಬೇಕೆಂದೇ ಸೆಲ್ಸಿಯಸ್‌ಗೆ ಇಟ್ಟಿದ್ದೆ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ನಾಲ್ಕು ವರ್ಷದ ಮಗಳ ಮೈ ಕೆಂಡವಾಯಿತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ಮೂವತ್ತೆಂಟು ಪಾಯಿಂಟ್ ಒಂಬತ್ತು ಎಂದು ತೋರಿಸಿತು. ಊರಿಂದ ಬಂದಿದ್ದ ಅಪ್ಪ, "ಮೂವತ್ತೆಂಟಾ? ಅಂಗಾದ್ರೆ ಜರನೇ ಇಲ್ವಲ್ಲ, ಮೈ ಯಾಕಿಂಗೆ ಸುಡ್ತದೆ?" ಎಂದರು. ಅವರನ್ನು ಅನ್ನುವುದೇನು, ನನಗೂ ಆ ಸಂಖ್ಯೆ ಏನೂ ಹೇಳಲಿಲ್ಲ. ನೂರಾದರೆ ಕಷಾಯ, ನೂರಾ ಎರಡಾದರೆ ಡಾಕ್ಟರು, ನೂರಾ ನಾಲ್ಕಾದರೆ ಓಡು ಎಂದು ಅಮ್ಮ ನನ್ನ ಬಾಲ್ಯದಲ್ಲಿ ಕಲಿಸಿದ್ದಷ್ಟೇ ನನ್ನ ಎದೆಯಲ್ಲಿದ್ದದ್ದು. ಮೂವತ್ತೆಂಟು ಪಾಯಿಂಟ್ ಒಂಬತ್ತಕ್ಕೆ ಹೆದರಬೇಕೋ ಬೇಡವೋ?

ಪೇಪರು ಎಳೆದುಕೊಂಡು ಲೆಕ್ಕ ಹಾಕಿದೆ. ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸುವುದು ಬಿಟ್ಟು, ಗಾಬರಿಯಲ್ಲಿ ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದೆ. ಮೂವತ್ತೆರಡು ಕೂಡಿಸಿದೆ.

"ಐವತ್ಮೂರೂವರೆ" ಎಂದೆ.

ಹೆಂಡತಿ ಮಗುವಿನ ಹಣೆಯ ಮೇಲಿನ ಒದ್ದೆಬಟ್ಟೆ ತಿರುವಿ ಹಾಕುತ್ತಿದ್ದವಳು ನನ್ನನ್ನು ನೋಡಿದಳು. ನನ್ನ ಕೈಯಿಂದ ಥರ್ಮಾಮೀಟರ್ ತೆಗೆದುಕೊಂಡು ಗುಂಡಿಯನ್ನು ಒತ್ತಿ ಹಿಡಿದು ಫ್ಯಾರನ್‌ಹೀಟ್‌ಗೆ ತಿರುಗಿಸಿ, ಮತ್ತೆ ಮಗುವಿನ ಕಂಕುಳಲ್ಲಿಟ್ಟಳು. ಥರ್ಮಾಮೀಟರ್ ಬೀಪ್ ಎಂದಾಗ ತೆಗೆದು ಓದಿದಳು: "ನೂರಾ ಎರಡು. ಏಳಿ, ಡಾಕ್ಟ್ರತ್ರ ಓಗವ."

ಮಗಳನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಅವಳ ಉಸಿರು ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು. ಡಾಕ್ಟರು "ಎಷ್ಟಿತ್ತು?" ಎಂದಾಗ "ನೂರಾ ಎರಡು" ಎಂದೆ, ಒಂದೇ ಉಸಿರಿಗೆ. ಅವರು ಗಂಟಲು ನೋಡಿ, ಎದೆ ನೋಡಿ, ವೈರಲ್ ಜ್ವರ, ಮೂರು ದಿನ ಇರುತ್ತದೆ, ಹೆದರಬೇಡಿ ಎಂದು ಔಷಧಿ ಬರೆದರು. ಐದು ಮಿಲಿಲೀಟರ್ ಸಿರಪ್ಪು, ದಿನಕ್ಕೆ ಮೂರು ಸಲ. ಅದನ್ನು ಅಳೆದು ಕುಡಿಸುವ ಕೆಲಸವನ್ನು ಹೆಂಡತಿ ನನಗೇ ಕೊಟ್ಟಳು. ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಹನಿಯೂ ಹೆಚ್ಚುಕಮ್ಮಿಯಾಗದಂತೆ ಮೂರು ದಿನ ಕುಡಿಸಿದೆ.

ನಾಲ್ಕನೆಯ ಬೆಳಗ್ಗೆ ಜ್ವರ ಬಿಟ್ಟಿತ್ತು. ಮಗಳು ಎದ್ದು ಕೂತು, ಗಂಜಿ ಬೇಡ, ಚಿತ್ರಾನ್ನವೇ ಬೇಕು ಎಂದು ಹಟ ಹಿಡಿದಳು. ಹೆಂಡತಿ ಅಕ್ಕಿ ತೊಳೆಯಲು ಎದ್ದಳು. ನಾನು ಮೂರು ದಿನದಿಂದ ಹಾಗೇ ಬಿದ್ದಿದ್ದ ಪಾತ್ರೆಗಳನ್ನು ತಿಕ್ಕಲು ಕೂತೆ.