ಮೂಗಿನ ಸಾಹೇಬರು ಪಾಸು ಮಾಡಿದ ಅಂಗಡಿ

ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಮಣ್ಣು ಮೂಸಿ ಸಂಸಾರ ತೂಗಿಸಿದ ಎಂದರೆ ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಗೋದಾಮು, ಅಂಗಡಿ, ಶೆಡ್ಡು ಕೊಳ್ಳಹೊರಟವರು ಈ ಮನುಷ್ಯನನ್ನು ಹುಡುಕಿಕೊಂಡು ಬರುತ್ತಿದ್ದರು. ಗೋಡೆಗೆ ಸುಣ್ಣ ಬಳಿದು ಮಾರಾಟಕ್ಕಿಡುವುದು ಯಾರಿಗೆ ಗೊತ್ತಿಲ್ಲ? ನೆಲದ ಕೆಳಗೆ ಏನಿದೆ ಎಂದು ಹೇಳುವವರು ಬೇಕಲ್ಲ. ಹಿಂದೆ ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರೋ, ಗ್ಯಾರೇಜು ಇತ್ತೋ, ಎಣ್ಣೆ ಟ್ಯಾಂಕು ಹೂತಿಟ್ಟು ಮರೆತಿದ್ದಾರೋ, ಅದೆಲ್ಲ ಕೊಂಡ ಮೇಲೆ ಗೊತ್ತಾದರೆ ಕೊಂಡವರ ತಲೆಗೇ ಕಟ್ಟು. ಮಾರಿದವನು ಕೈ ತೊಳೆದುಕೊಂಡು ಹೋಗಿರುತ್ತಾನೆ.

ಆ ಕೆಲಸಕ್ಕೊಂದು ಕ್ರಮವಿದೆ. ಹಳೆಯ ಕಾಗದಪತ್ರ ತೆಗೆಸಬೇಕು, ಅಕ್ಕಪಕ್ಕದ ಹಿರಿಯರನ್ನು ವಿಚಾರಿಸಬೇಕು, ನೆಲದಲ್ಲಿ ತೇಪೆ ಹಾಕಿದ ಜಾಗ ಹುಡುಕಬೇಕು. ಆಮೇಲೆ ಆಳದ ಮಣ್ಣು ತೆಗೆದು ಚೀಲಕ್ಕೆ ಹಾಕಿ, ಆವಿ ಅಳೆಯುವ ಮೀಟರು ಹಿಡಿದು, ಒಂದು ಪಾಲು ಲ್ಯಾಬಿಗೆ ಕಳಿಸಬೇಕು. ಮಣ್ಣನ್ನು ಮೂಗಿಗೆ ಹಿಡಿಯಬೇಡಿ, ಒಳ್ಳೆಯದಲ್ಲ ಎಂದು ತರಬೇತಿಯ ಮೊದಲ ದಿನವೇ ಹೇಳುತ್ತಾರೆ. ನಮ್ಮವರು ಹೇಳಿದ್ದನ್ನು ಕೇಳುವ ಪೈಕಿಯಲ್ಲ. ಒಂದು ಹಿಡಿ ಎತ್ತಿ ಮೂಸಿ, "ಡೀಸೆಲ್ಲು. ಹಳೇದು" ಅನ್ನುತ್ತಿದ್ದರು. ಲ್ಯಾಬಿನವರು ಹದಿನೈದು ದಿನ ಬಿಟ್ಟು ಅದನ್ನೇ ಮೂರು ಹಾಳೆ ತುಂಬ ಬರೆದು ಕಳಿಸುತ್ತಿದ್ದರು. ಆಫೀಸಿನಲ್ಲಿ ಮೂಗಿನ ಸಾಹೇಬರು ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರು, ಸಾಹೇಬರ ತಲೆಗೇರಿ ಕೂತಿತು.

ಆ ಮೂಗು ಸತ್ತ ದಿನ ಯಾವುದೋ ಅವರಿಗೂ ಗೊತ್ತಿಲ್ಲ. ಗೊತ್ತಾದದ್ದು ಮಾತ್ರ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ. ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಎದ್ದುಬಿದ್ದು ಇಳಿದು ಬಂದರು.

"ಏನ್ರೀ, ಹಾಲು ಸೀದು ಕರಕಲಾಗಿದೆ, ಮೇಲಿನ ತನಕ ನಾತ ಬರ್ತಿದೆ, ಇಲ್ಲೇ ಕೂತಿದ್ದೀರಲ್ಲ!"

"ಓದ್ತಾ ಇದ್ದೆ ಕಣೇ" ಎಂದರು ಸಾಹೇಬರು. ಹೆಂಡತಿ ಅತ್ತ ಹೋದ ಮೇಲೆ ಸಾಸಿವೆ, ಸೋಪು, ಸೀಮೆಎಣ್ಣೆ ಒಂದೊಂದಾಗಿ ಮೂಸಿ ನೋಡಿದರು. ಯಾವುದರಲ್ಲೂ ಏನೂ ಇರಲಿಲ್ಲ. ಆ ಹೊತ್ತಿನಲ್ಲೇ ಒಬ್ಬರ ಹತ್ತಿರವಾದರೂ ಬಾಯಿ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬಿಡಲಿಲ್ಲ. ಆಫೀಸಿನ ಕೆಲಸಕ್ಕೇನೂ ತೊಂದರೆಯಾಗಲಿಲ್ಲ, ಮೀಟರು ಇತ್ತು, ಲ್ಯಾಬು ಇತ್ತು. ಸಾಹೇಬರು ಮೀಟರು ನೋಡಿಕೊಂಡು, ಆಮೇಲೆ ಜನರ ಮುಂದೆ ಮಣ್ಣು ಮೂಸಿ, ಮೀಟರು ಹೇಳಿದ್ದನ್ನೇ ಹೇಳುತ್ತಿದ್ದರು. ಹೀಗೆ ಒಂದು ವರ್ಷದ ಮೇಲೆ ನಡೆಯಿತು.

ಅವರಿಗೊಬ್ಬಳು ತಂಗಿ. ಬ್ರೆಡ್ಡು ಬನ್ನು ಸುಡುವವಳು. ಗಂಡ ತೀರಿಕೊಂಡ ಮೇಲೆ ಆ ಒಲೆಯೇ ಅವಳ ಗಂಡು ದಿಕ್ಕು. ಇಪ್ಪತ್ತು ವರ್ಷ ಬಾಡಿಗೆ ಅಂಗಡಿಯಲ್ಲಿ ದುಡಿದಳು, ಮೂರು ಸಲ ಎಬ್ಬಿಸಿದರು. ಮೂರು ಸಲವೂ ಒಲೆ ಒಡೆದು, ಇನ್ನೊಂದು ಕಡೆ ಮೊದಲಿನಿಂದ ಕಟ್ಟಿದಳು. ಸ್ವಂತದ್ದೊಂದು ನಾಲ್ಕು ಗೋಡೆ ಬೇಕು ಎನ್ನುವುದೊಂದೇ ಅವಳ ಆಸೆ. ಕೊನೆಗೆ ಅವಳ ಶಕ್ತಿಗೆ ಎಟುಕುವ ಜಾಗ ಒಂದು ಸಿಕ್ಕಿತು, ಹಳೆಯ ಬಟ್ಟೆ ಗೋದಾಮು. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ, ಸಂಜೆಯೊಳಗೆ ಹೇಳಿ ಎಂದ ಮಾರುವವನು. ಅಂದು ಭಾನುವಾರ. ಮೀಟರು ರಿಪೇರಿಗೆ ಹೋಗಿತ್ತು.

"ನಮ್ಮಣ್ಣನ ಮೂಗು ಅಂದ್ರೆ ಏನು ಅಂದ್ಕೊಂಡಿದ್ದೀರಿ?" ಎಂದಳು ತಂಗಿ ಮಾರುವವನಿಗೆ. "ಮೀಟರು ಬೇರೆ ಬೇಕಾ ಅದಕ್ಕೆ!"

ಸಾಹೇಬರು ಹಿತ್ತಿಲಿಗೆ ಹೋದರು. ಗೋಡೆಯ ಬುಡದಲ್ಲಿ ಕಾಂಕ್ರೀಟು ಬೇರೆ ಬಣ್ಣದ್ದಿತ್ತು, ಎರಡು ಮಂಚದಷ್ಟು ಅಗಲ.

"ಇದೇನು ಇಲ್ಲಿ?"

"ನೀರಿನ ತೊಟ್ಟಿ ಇತ್ತು ಸಾರ್, ಮುಚ್ಚಿಸಿದ್ವಿ."

ಬೇರೆಯವರ ಕೆಲಸವಾಗಿದ್ದರೆ ಆ ಮಾತಿಗೆ ಸಾಹೇಬರು ಬಿದ್ದು ಬಿದ್ದು ನಗುತ್ತಿದ್ದರು. ಕಾಂಕ್ರೀಟಿನ ಅಂಚಿನಲ್ಲಿ ಮೊಣಕೈ ಆಳ ತೋಡಿ ಒಂದು ಹಿಡಿ ಮಣ್ಣು ತೆಗೆದರು. ಮೂಗಿಗೆ ಹಿಡಿದು ಎಳೆದರು. ಸಾಸಿವೆಯಲ್ಲಿ ಇರದಿದ್ದದ್ದು ಅದರಲ್ಲೂ ಇರಲಿಲ್ಲ. ಒಂದು ವಾರ ತಡಿ ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ತಂಗಿ ಅಷ್ಟು ಹೆಮ್ಮೆಯಿಂದ ನೋಡುತ್ತಿದ್ದಳು.

"ನಂಗೂ ಕೊಡಣ್ಣ, ನೋಡ್ತೀನಿ" ಎಂದು ಅವಳು ಕೈ ಚಾಚಿದಳು.

ಸಾಹೇಬರು ನಕ್ಕುಬಿಟ್ಟರು. "ಹಿಟ್ಟು ಮೂಸೋಳಿಗೆ ಇದೆಲ್ಲ ಏನು ಗೊತ್ತಾಗುತ್ತೆ? ಏನಿಲ್ಲ ಪುಟ್ಟಿ, ತಗೋ" ಎಂದು ಮಣ್ಣನ್ನು ಗುಂಡಿಗೆ ಹಾಕಿ, ಕಾಲಿನಿಂದ ಮುಚ್ಚಿ, ಕೈ ಒದರಿಕೊಂಡರು.

ಅಂಗಡಿ ತೆರೆದು ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ದೊಡ್ಡ ಒಲೆ, ಹಗಲಿಡೀ ಉರಿ, ನೆಲ ಕಾಯತೊಡಗಿತು. ಎರಡನೆಯ ತಿಂಗಳು ಗಿರಾಕಿಯೊಬ್ಬರು ಬ್ರೆಡ್ಡು ವಾಪಸು ತಂದರು: "ಅಮ್ಮಾ, ಪೆಟ್ರೋಲ್ ವಾಸನೆ ಹೊಡೀತಿದೆ." ತಂಗಿ ಹಿಟ್ಟು ಬದಲಾಯಿಸಿದಳು. ಈಸ್ಟ್ ಬದಲಾಯಿಸಿದಳು. ತಟ್ಟೆಗಳನ್ನು ಉಜ್ಜಿ ಉಜ್ಜಿ ಕೈ ಸುಲಿದುಕೊಂಡಳು. ಹಿಟ್ಟಿನ ಮೂಟೆಗಳನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಟ್ಟಳು. ನೆಲದಿಂದಲೇ ಬರುತ್ತಿರಬಹುದು ಎಂದು ಪಕ್ಕದವರು ಅಂದಾಗ ಅವಳಿಗೆ ಸಿಟ್ಟು ಬಂತು.

"ನೆಲ ನಮ್ಮಣ್ಣ ನೋಡಿದಾನೆ. ನೆಲದ ಮಾತು ಎತ್ತಬೇಡಿ."

ಆ ಒಂದು ನಂಬಿಕೆಯ ಮೇಲೆ ಮತ್ತೆ ಐದಾರು ತಿಂಗಳು ಹೋಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರುಗಡೆ ಅಂಗಡಿಗೆ ದಾಟಿಕೊಂಡರು. ಕೊನೆಗೆ ಅವಳು ಅಣ್ಣನಿಗೆ ಫೋನು ಮಾಡುವ ಹೊತ್ತಿಗೆ ಅಂಗಡಿಗೆ ಗಿರಾಕಿಯೇ ಉಳಿದಿರಲಿಲ್ಲ.

ಈ ಸಲ ಸಾಹೇಬರು ಮೀಟರು ತಂದರು. ಒಲೆಯ ಮುಂದಿನ ಬಿರುಕಿಗೆ ಹಿಡಿದ ಕೂಡಲೇ ಅದು ಕಿರುಚಿಕೊಂಡಿತು. ಹಿತ್ತಿಲಿನ ಕಾಂಕ್ರೀಟು ಒಡೆಸಿದರು. ಕೆಳಗೆ ತುಕ್ಕು ಹಿಡಿದು ತೂತಾದ ಟ್ಯಾಂಕು, ಸುತ್ತ ಕರೀ ಮಣ್ಣು. ಗೋದಾಮಿಗೂ ಮುಂಚೆ ಅಲ್ಲಿ ಲಾರಿ ಗ್ಯಾರೇಜು ಇತ್ತಂತೆ. ಮೂರು ಮನೆ ಆಚೆಯ ಅಜ್ಜಿಗೆ ಚೆನ್ನಾಗಿ ನೆನಪಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಮಣ್ಣು ತೆಗೆಸಬೇಕಾದರೆ ನೆಲವನ್ನೇ ಕಿತ್ತು ಹಾಕಬೇಕು, ಒಲೆಯನ್ನೂ. ಅದು ತಂಗಿಯ ಕೈಯಲ್ಲಿ ಈ ಜನ್ಮಕ್ಕೆ ಆಗುವ ಮಾತಲ್ಲ. ಮಾರಿದವನ ಫೋನು ಯಾವತ್ತೋ ಸ್ವಿಚ್ ಆಫ್ ಆಗಿತ್ತು.

"ನಿನ್ನದೇನು ತಪ್ಪು ಬಿಡಣ್ಣ" ಎಂದಳು ತಂಗಿ. "ಆವತ್ತು ವಾಸನೆ ಬಂದಿರಲಿಲ್ಲ. ಒಳಗಿಂದ ಆಮೇಲೆ ಮೇಲೆ ಬಂತೋ ಏನೋ."

ಆ ಮಾತು ಸಾಹೇಬರಿಗೆ ಚುಚ್ಚಿತು. ಅವಳು ಟೀ ಸೋಸಿ, ಒಂದು ಪೊಟ್ಟಣ ಬಿಚ್ಚಿ ಎರಡು ತುಂಡು ಬ್ರೆಡ್ಡು ಮುಂದಿಟ್ಟಳು. ಏನಾದರೂ ಮಾತಾಡಬೇಕಲ್ಲ ಎಂದು ಸಾಹೇಬರು ಒಂದು ತುಂಡು ಎತ್ತಿ ಮೂಗಿಗೆ ಹಿಡಿದರು. ಮುಖ ಕಿವುಚಿದರು.

"ಛೆ ಛೆ, ಇದರಲ್ಲೂ ಎಷ್ಟು ಹೊಡೀತಿದೆ ನೋಡು."

ತಂಗಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅದು ಎದುರುಗಡೆ ಅಂಗಡಿದು ಅಣ್ಣ. ನಂದು ತಿನ್ನೋಕೆ ಆಗಲ್ಲ ಅಂತ ಈಗಷ್ಟೇ ತಂದೆ. ಅದರಲ್ಲಿ ಏನೂ ಇಲ್ಲ."

ಸಾಹೇಬರು ಬ್ರೆಡ್ಡನ್ನು ತಟ್ಟೆಗೆ ಹಾಕಲೂ ಇಲ್ಲ, ಬಾಯಿಗೆ ಇಡಲೂ ಇಲ್ಲ.

"ಎಷ್ಟು ದಿನ ಆಯ್ತು?" ಕೇಳಿದಳು.

"ಎರಡು ವರ್ಷ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಇಪ್ಪತ್ತು ವರ್ಷ ಹಿಟ್ಟು ನಾದಿದ ಆ ಬಲಗೈಯನ್ನು, ಹಿತ್ತಿಲಿನಲ್ಲಿ ಅಂದು ಚಾಚಿದ್ದ ಹಾಗೆಯೇ ಅಣ್ಣನ ಮುಂದೆ ಚಾಚಿದಳು.

"ಹೀಗೆ ಕೇಳಿದ್ದೆ ಅಣ್ಣ. ಒಂದು ಚೂರು ನನ್ನ ಕೈಗೆ ಹಾಕಿದ್ರೆ ಸಾಕಿತ್ತು. ನನ್ನ ಮೂಗು ಚೆನ್ನಾಗೇ ಇತ್ತಲ್ಲ."