ಮನೆ ಗುರುತಿನ ಕಾಲಂ

ಗಿರಿಜಮ್ಮನವರ ಕೆಲಸ ಹೋಗಿದ್ದು ನನ್ನ ಸುಳ್ಳಿನಿಂದ. ನಾಲ್ಕೇ ಪದಗಳ ಸುಳ್ಳು. ತಡವರಿಸಲಿಲ್ಲ, ಬೆವರಲಿಲ್ಲ—ಬೆನ್ನು ನೆಟ್ಟಗಿಟ್ಟುಕೊಂಡು, ಸ್ಪಷ್ಟವಾಗಿ ಹೇಳಿದೆ.

ಸೇನೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದು ತುಮಕೂರಿನ ಶೆಟ್ಟಿಹಳ್ಳಿಗೆ ಬಂದು ನೆಲೆಸಿದವನು ನಾನು. ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ಶೂ ಪಾಲಿಶ್. ಇಂದಿಗೂ ತಪ್ಪಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಬೀದಿಯ ಇಬ್ಬರು ಎಂಜಿನಿಯರುಗಳು ಬೇಕರಿಯೊಂದರ ಮಹಡಿಯಲ್ಲಿ ಸಾಫ್ಟ್‌ವೇರ್ ಸ್ಟಾರ್ಟಪ್ ಶುರು ಮಾಡಿದರು. ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್. ಅವರಲ್ಲಿ ಶಿಸ್ತು ಇರಲಿಲ್ಲ, ನನ್ನಲ್ಲಿ ಬೇರೇನೂ ಇರಲಿಲ್ಲ—ಹಾಗಾಗಿ ನಾನು ಪ್ರಾಡಕ್ಟ್ ಮ್ಯಾನೇಜರ್ ಆದೆ. ಸಾಫ್ಟ್‌ವೇರಿನಲ್ಲಿ ಏನಿರಬೇಕು, ಏನಿರಬಾರದು, ಯಾವ ತಾರೀಖಿಗೆ ಮುಗಿಯಬೇಕು ಎಂದು ತೀರ್ಮಾನಿಸುವವನು. ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದವನಿಗೆ ಎಂಥ ಪದವಿ! ಐದು ಜನರ ಆ ಕಂಪನಿಯಲ್ಲಿ ಐವರಿಗೂ ವಿಸಿಟಿಂಗ್ ಕಾರ್ಡ್ ಇತ್ತು. ನೀರು ಕುಡಿಯಲು ಎರಡೇ ಲೋಟ. ನನ್ನ ಕಾರ್ಡನ್ನು ಸೊಪ್ಪು ಮಾರುವವಳಿಗೂ ಕೊಟ್ಟಿದ್ದೆ.

ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮ್ ನಮ್ಮ ಮೊದಲ ಗಿರಾಕಿ. ಗಿರಿಜಮ್ಮ ಅಲ್ಲಿ ಹನ್ನೆರಡು ವರ್ಷದಿಂದ ರಿಜಿಸ್ಟರ್ ಬರೆಯುತ್ತಿದ್ದರು. ಅದನ್ನು ತಿರುವಿ ನಾನು ನಕ್ಕೆ. ಪ್ರತಿ ಹೆಸರಿನ ಪಕ್ಕ ಒಂದು ಗುರುತು—ಹುಣಸೆಮರದ ಮನೆ, ಮಿಲ್ಲಿನ ಹಿಂದೆ, ಎಮ್ಮೆ ಮಾರಿದವರು, ಜಗಳಗಂಟಿ ಸೊಸೆ.

"ಇದೇನಮ್ಮ, ರಿಜಿಸ್ಟ್ರೋ, ಊರ ಪುರಾಣವೋ?"

"ಸಾರ್, ಯಡಿಯೂರು ಕಡೆ ದೇವ್ರ ಹೆಸ್ರೇ ಎಲ್ರಿಗೂ. ಮನೆಮನೇಲೂ ಸಿದ್ದಲಿಂಗಮ್ಮ. ಗಂಡಂದ್ರು ಸಿದ್ದಲಿಂಗಯ್ಯ. ವಯಸ್ಸು ಕೇಳಿದ್ರೆ 'ಒಂದೈವತ್ತು ಬರ್ಕೊಳವ್ವ' ಅಂತಾರೆ. ಮನೆ ಗುರುತಿಲ್ದೆ ಯಾರನ್ನ ಅಂತ ಹುಡುಕ್ಲಿ?"

"ನಂಬರ್ ಚೀಟಿ ಕೊಡ್ತೀವಲ್ಲ."

"ಕೊಡಿ ಸಾರ್. ಎಲೆಅಡಿಕೆ ಚೀಲ್ದಲ್ಲಿ ಸುಣ್ಣದ ಜೊತೆ ಇರುತ್ತೆ."

ಪಕ್ಕದಲ್ಲಿದ್ದ ನರ್ಸ್ ಕಿಸಕ್ಕೆಂದಳು. ನನಗೆ ಮೈ ಉರಿಯಿತು—ಹತ್ತನೇ ತರಗತಿ ಓದಿದ ಹೆಂಗಸು ನನಗೆ ಪಾಠ ಹೇಳುವುದೇ ಎಂದು. ಹೌದು, ಹಾಗೆಯೇ ಅಂದುಕೊಂಡೆ. ಶಬ್ದವನ್ನು ಈಗ ಮೃದು ಮಾಡಿ ಪ್ರಯೋಜನವಿಲ್ಲ.

ಮುಂದಿನ ವಾರ ಅವರು ಒಂದು ಕಾಗದ ಬರೆದು ನನ್ನ ಕೈಗೇ ಕೊಟ್ಟರು. ಮನೆ ಗುರುತಿಗೆ ಒಂದು ಕಾಲಂ ಇಡಿ, ಇಲ್ಲದಿದ್ದರೆ ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹೋಗುತ್ತದೆ ಎಂದು. ಕಾಲಂ ಸೇರಿಸಲು ಎರಡು ದಿನ ಸಾಕಿತ್ತು. ಆದರೆ ನನ್ನ ತಾರೀಖು ಎರಡು ದಿನ ಮುಂದೆ ಹೋಗುತ್ತಿತ್ತು—ಯಾರೂ ಕೇಳದೆ ನಾನೇ ಗೋಡೆಗೆ ಬರೆದು ಅಂಟಿಸಿದ್ದ ತಾರೀಖು. ಕಾಗದದ ಮೂಲೆಯಲ್ಲಿ 'ಅನಗತ್ಯ' ಎಂದು ಬರೆದು, ಸಹಿ ಹಾಕಿ, ಪಂಚ್ ಮಾಡಿ ಫೈಲಿಗೆ ಸೇರಿಸಿದೆ.

ಸಾಫ್ಟ್‌ವೇರ್ ಅಳವಡಿಸಿದ ನಾಲ್ಕನೇ ತಿಂಗಳಲ್ಲಿ ಒಂದೇ ಊರಿನ ಇಬ್ಬರು ಸಿದ್ದಲಿಂಗಮ್ಮಂದಿರ ರಕ್ತದ ರಿಪೋರ್ಟ್ ಅದಲುಬದಲಾಯಿತು. ಸಕ್ಕರೆ ಕಾಯಿಲೆಯೇ ಇಲ್ಲದಾಕೆ ಅದರ ಮಾತ್ರೆ ನುಂಗಿ, ಬಚ್ಚಲಲ್ಲಿ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರು ನನ್ನನ್ನೂ ಗಿರಿಜಮ್ಮನವರನ್ನೂ ಕೂರಿಸಿ ಕೇಳಿದರು: "ಹೀಗಾಗುತ್ತೆ ಅಂತ ಯಾರಿಗೂ ಮೊದಲೇ ಹೊಳೀಲಿಲ್ವಾ?"

"ನಾನು ಬರೆದು ಕೊಟ್ಟಿದ್ದೆ ಸಾರ್," ಎಂದರು ಗಿರಿಜಮ್ಮ. "ಇವ್ರ ಕೈಗೇ ಕೊಟ್ಟಿದ್ದೆ."

ಫೈಲು ನನ್ನ ತೊಡೆಯ ಮೇಲೇ ಇತ್ತು.

"ನನಗೆ ಯಾವ ಕಾಗದವೂ ಬಂದಿಲ್ಲ."

ಡಾಕ್ಟರು ಅವರ ಕಡೆ ತಿರುಗಿದರು. "ಇವರು ಬಸ್ ಟಿಕೆಟ್ಟನ್ನೂ ಪಂಚ್ ಮಾಡಿ ಇಡೋ ಮನುಷ್ಯ ಕಣಮ್ಮ. ಬಂದಿಲ್ಲ ಅಂದ್ರೆ ಬಂದಿಲ್ಲ."

ನನ್ನ ಶಿಸ್ತು ಕೆಲಸಕ್ಕೆ ಬಂದದ್ದು ಹೀಗೆ. ಜೀವಮಾನವೆಲ್ಲ ಹೊಳಪು ಕೊಟ್ಟು ಕಾಪಾಡಿಕೊಂಡು ಬಂದದ್ದನ್ನು ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಬಳಸಿದೆ. ಆಕೆ ನನ್ನನ್ನು ಬೈಯಲಿಲ್ಲ. ಸುಮ್ಮನೆ ನೋಡಿದರು—ತಾವೇ ಏನೋ ಮರೆತಿರಬಹುದೆಂಬಂತೆ. ರಿಪೋರ್ಟ್ ಅದಲುಬದಲಾದ ತಪ್ಪು ಅವರದೇ ಎಂದಾಗಿ, ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು. ಬೇಕರಿಯ ಮಹಡಿಯಲ್ಲಿ ನಮ್ಮ ಮೇಧಾವಿಗಳು "ಸಾರ್, ಕಂಪನಿ ಉಳಿಸಿಬಿಟ್ರಿ" ಎಂದು ನನಗೆ ಪಫ್ಸ್ ತಿನ್ನಿಸಿದರು. ತಿಂದೆ. ಉಳಿಸಿದ ಆ ಕಂಪನಿ ಎರಡು ವರ್ಷಕ್ಕೆ ಬಾಗಿಲು ಹಾಕಿತು.

ಕಾಗದವನ್ನು ಹರಿದುಹಾಕಲೂ ನನಗೆ ಧೈರ್ಯವಾಗಲಿಲ್ಲ. ಹರಿಯದಿದ್ದುದನ್ನೇ ಪ್ರಾಮಾಣಿಕತೆ ಎಂದು ಕರೆದುಕೊಂಡೆ.

ಹೋದ ತಿಂಗಳು ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಚೆನ್ನಾಗಿದೀರಾ ಸಾರ್?" ಎಂದರು. ಗಿರಿಜಮ್ಮ. ತಲೆ ಪೂರ್ತಿ ನರೆತಿದೆ. ಕೆಲಸ ಹೋದ ಮೇಲೆ ಗಂಡನೊಂದಿಗೆ ಅಲ್ಲೇ ಬಂದು ನೆಲೆಸಿದ್ದಾರಂತೆ. ನಾನು ಹೊರಡುವ ಮುಂಚೆ ತಡೆದು ನಿಲ್ಲಿಸಿದರು.

"ಒಂದ್ಮಾತು ಕೇಳ್ತೀನಿ ಸಾರ್, ಬೇಜಾರಿಲ್ಲ ತಾನೆ? ಆ ಕಾಗದ ನಾನು ಕೊಟ್ಟಿದ್ನಾ? ನಮ್ಮನೇವ್ರು ಇವತ್ತಿಗೂ ಆಡ್ಕೋತಾರೆ—ತಪ್ಪು ಮಾಡಿ ಕಥೆ ಕಟ್ದೆ ಅಂತ. ಕೊಟ್ಟಂಗೇ ನೆಪ್ಪು. ಆದ್ರೆ ಈಗೀಗ ನಂಗೇ ಅನುಮಾನ ಬರ್ತದೆ."

ಕೆಲಸ ಕಿತ್ತುಕೊಂಡೆ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಆಕೆಗೆ ತನ್ನ ಮೇಲಿದ್ದ ನಂಬಿಕೆಯನ್ನೇ—ಅದನ್ನೂ ನಾನು…

"ನೆನಪಿಲ್ಲಮ್ಮ," ಎಂದೆ. ಬಸ್ ಹತ್ತಿದೆ. ಎಪ್ಪತ್ತು ದಾಟಿದ ಮೇಲೂ!

ನಿನ್ನೆ ಕುಣಿಗಲ್ಲಿಗೆ ಹೋಗಿ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕುಳಿತುಕೊಳ್ಳಿ ಅನ್ನಲಿಲ್ಲ. ಭಾನುವಾರ ಗುಬ್ಬಿಗೆ ಹೋಗುತ್ತೇನೆ, ಗಿರಿಜಮ್ಮನವರ ಗಂಡ ಮನೆಯಲ್ಲಿರುವ ಹೊತ್ತಿಗೇ. ನಿಮ್ಮ ಹೆಂಡತಿ ಹೇಳಿದ್ದು ನಿಜ, ಕಥೆ ಕಟ್ಟಿದವನು ನಾನು ಎಂದು ಅವರೆದುರು ಹೇಳುತ್ತೇನೆ. ಕ್ಷಮಿಸಿ ಅನ್ನುವುದಿಲ್ಲ. ಅಂದರೆ ಆಕೆ "ಹೋಗ್ಲಿ ಬಿಡಿ ಸಾರ್" ಅಂದುಬಿಡುತ್ತಾರೆ. ಅಷ್ಟು ಸುಲಭವಾಗಿ ಪಾರಾಗುವ ಯೋಗ್ಯತೆ ನನಗಿಲ್ಲ.