ಅಣ್ಣ ಮುಟ್ಟಿ ನೋಡದ ಗಚ್ಚು

ನಮ್ಮ ಅಣ್ಣನ ಬಲಗೈಯ ಹೆಬ್ಬೆರಳಿನಲ್ಲೂ ತೋರುಬೆರಳಿನಲ್ಲೂ ಗೆರೆಗಳೇ ಇರಲಿಲ್ಲ. ಸುಣ್ಣ ಚರ್ಮವನ್ನು ತಿಂದು ತಿಂದು ತುದಿಗಳು ನುಣ್ಣಗಾಗಿ, ಸಿಪ್ಪೆ ಬಿಡಿಸಿದ ಶೇಂಗಾಬೀಜದ ಹಾಗೆ ಬಿಳಿಚಿಕೊಂಡಿದ್ದವು. ಕಲ್ಲುಗಳ ನಡುವೆ ಹಾಕುವ ಸುಣ್ಣದ ಗಚ್ಚನ್ನು ಆ ಎರಡು ಬೆರಳುಗಳ ನಡುವೆ ತಿಕ್ಕಿ ನೋಡದೆ ಅವನು ಒಂದು ಬುಟ್ಟಿಯನ್ನೂ ಮೇಲೆ ಬಿಡುತ್ತಿರಲಿಲ್ಲ. ನಾನು ಅರೆಸಿದ ಗಚ್ಚನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಆ ನಂಬಿಕೆಯನ್ನು ನಾನು ಉಳಿಸಿಕೊಳ್ಳಲಿಲ್ಲ. ಆಮೇಲೆ ಕೇಳಿದಾಗ ನಿಜವನ್ನೂ ಹೇಳಲಿಲ್ಲ.

ಅಣ್ಣ ಓವರ್ಸಿಯರ್ ಆದದ್ದು ತೀರಿಕೊಳ್ಳುವ ಎಂಟು ತಿಂಗಳ ಮುಂಚೆ. ಆಗಬೇಕಾಗಿದ್ದುದು ಅದಕ್ಕೂ ಹನ್ನೊಂದು ವರ್ಷ ಮೊದಲು. ನಡುವಿನ ಆ ವರ್ಷಗಳನ್ನು ಅವನಿಂದ ಕಸಿದವಳು ನಾನು. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ನಾನು ಹೆಚ್ಚು ಸಾಲಿ ಕಲಿತವಳಲ್ಲ. ಎರಡನೆಯ ಇಯತ್ತೆಗೆ ಬಿಡಿಸಿದರು. ಮುಂದಿನ ಅಕ್ಷರಗಳನ್ನು ಅಣ್ಣನೇ ಕಲಿಸಿದ. ಅದೂ ಅಂಕಿಗಳಿಂದ ಶುರು ಮಾಡಿ.

ನಮ್ಮದು ಸಂತೆಕಲ್ಲೂರು. ಅಪ್ಪ ರಸ್ತೆಗೆ ಹಾಸುವ ಜಲ್ಲಿಕಲ್ಲು, ನಮ್ಮ ಕಡೆಯ ಖಡಿ, ಒಡೆಯುತ್ತಿದ್ದ. ಅಣ್ಣನೂ ಮೀಸೆ ಮೂಡುವ ಮೊದಲೇ ಲಿಂಗಸೂಗೂರಿನ ರಸ್ತೆಯಲ್ಲಿ ಸುತ್ತಿಗೆ ಹಿಡಿದ. ಆಮೇಲೆ ರಸ್ತೆ ಅಳೆಯಲು ಬಂದವರ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡ. ಆಗ ನಿಜಾಮರ ಕಾಲ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಅಳತೆ ಬರೆಯುವ ಮುನ್ಷಿಗೆ ದಿನಾ ಭಾವಿಯಿಂದ ನೀರು ತಂದುಕೊಟ್ಟು, ಬದಲಿಗೆ ದಿನಕ್ಕೊಂದು ಉರ್ದು ಅಕ್ಷರ ಕೇಳಿ ಪಡೆದನಂತೆ. ಮೊದಲು ಕಲ್ಲು ಕಟ್ಟುವ ಗೌಂಡಿಯಾದ, ಆಮೇಲೆ ಮೇಸ್ತ್ರಿಯಾದ. ನಕ್ಷೆ ಬಿಚ್ಚಿ ಓದಬಲ್ಲ ಮೇಸ್ತ್ರಿ ಆ ಸೀಮೆಯಲ್ಲಿ ಅವನೊಬ್ಬನೇ ಇದ್ದ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಒಂದು ಹಳ್ಳಕ್ಕೆ ಮೂರು ಕಮಾನಿನ ಕಲ್ಲುಸೇತುವೆ ಕಟ್ಟಬೇಕಾದಾಗ ಅವನ ಕೈಕೆಳಗೆ ಎಂಬತ್ತು ಜನ ದುಡಿಯುತ್ತಿದ್ದರು.

ಎಂಬತ್ತು ಜನರ ಹೆಸರೂ ಅವನಿಗೆ ಬಾಯಿಪಾಠ. ಯಾರ ಮಗುವಿಗೆ ಜ್ವರ, ಯಾರ ಸೊಂಟ ಹಿಡಿದಿದೆ ಎಂಬುದೂ ಗೊತ್ತಿತ್ತು. ಕೂಗಿ ಕೆಲಸ ಹೇಳುತ್ತಿರಲಿಲ್ಲ. ಬುನಾದಿಯ ಗುಂಡಿ ಆಳವಾದರೆ ಮೊದಲು ತಾನೇ ಬರಿಗಾಲಲ್ಲಿ ಇಳಿದು, ಹಾರೆಕೋಲಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಇನ್ನೂ ಎರಡು ಮೊಳಾ ಹೋಗ್ರಿ, ಇದು ಸುಳ್ಳು ಬಂಡಿಗಲ್ಲು, ಕೆಳಗ ಪೊಳ್ಳೈತಿ" ಎನ್ನುತ್ತಿದ್ದ. ನೀರಿನ ಕೊಡ ಬಂದರೆ ಕೊನೆಗೆ ಕುಡಿಯುವವನು ಅವನೇ.

ಊಟಕ್ಕೆ ಮಾತ್ರ ಒಬ್ಬನೇ ಕೂಡುತ್ತಿದ್ದ. ಗೌಂಡಿಯಾಗಿದ್ದಾಗ ಎಲ್ಲರ ಜೊತೆ ಗುಂಪಾಗಿ ಕೂತು ರೊಟ್ಟಿ ಮುರಿದವನು. ಮೇಸ್ತ್ರಿಯಾದ ಮೇಲೆ ಅವನು ಹತ್ತಿರ ಬಂದರೆ ಗಂಡಸರು ಮಾತು ನಿಲ್ಲಿಸಿ ಜರುಗಿ ಕೂಡುತ್ತಿದ್ದರು. ಕಚೇರಿಯ ಸಾಹೇಬರು ಬಂದ ದಿನ ಡೇರೆಯೊಳಗೆ ಅವನಿಗೆ ಜಾಗವಿಲ್ಲ, ಹೊರಗೆ ನಿಲ್ಲಬೇಕು. ಒಂದು ದಿನ ಬುತ್ತಿ ಕೊಡಲು ಹೋದಾಗ ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿದ್ದ.

"ಯಾಕಣ್ಣಾ, ಎಲ್ಲಾರೂ ಅಲ್ಲದಾರ, ನೀ ಒಬ್ನೇ ಇಲ್ಲಿ?"

"ಮ್ಯಾಲ ಹೋದಂಗ ಪಂಕ್ತಿ ಸಣ್ಣದಾಗ್ತದವ್ವಾ" ಎಂದು ನಕ್ಕ. "ಈಗ ಪಂಕ್ತಿಯೊಳಗ ನಾ ಒಬ್ನೇ ಉಳದೀನಿ. ಬಡಿಸೋರಿಗೆ ಸುಲಭ."

ಅತ್ತಿಗೆ ಬಾಣಂತನದಲ್ಲಿ ತೀರಿಹೋಗಿದ್ದಳು. ನಾನು ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನಲ್ಲಿಗೆ ಬಂದಿದ್ದೆ. ಮಸ್ಕಿಯ ಒಂದು ಬಾಡಿಗೆ ಮನೆಯಲ್ಲಿ ಇಬ್ಬರೇ. ನಾನು ಮೂಲೆಯಲ್ಲಿ ಕೂತು ಕೊರಗುವುದನ್ನು ನೋಡಿ ಅವನೇ ಕೆಲಸಕ್ಕೆ ಕರೆದುಕೊಂಡು ಹೋದ. ಗಚ್ಚಿನ ಗಾಣದ ಮೇಲೆ ನಿಲ್ಲಿಸಿದ.

ಗಚ್ಚಿನ ಗಾಣ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನೆಲದಲ್ಲಿ ದುಂಡಗೆ ಕಲ್ಲಿನ ಕಾಲುವೆ. ಅದರಲ್ಲಿ ಸುಣ್ಣ, ಮರಳು, ಇಟ್ಟಿಗೆಯ ಪುಡಿ, ನೀರು. ಅದರ ಮೇಲೆ ದೊಡ್ಡದೊಂದು ಕಲ್ಲಿನ ಗಾಲಿ. ಎತ್ತುಗಳು ಸುತ್ತ ನಡೆದಂತೆ ಗಾಲಿ ಉರುಳಿ ಎಲ್ಲವನ್ನೂ ಬೆಣ್ಣೆಯ ಹಾಗೆ ಅರೆಯಬೇಕು. ಒಂದು ಸಲ ತುಂಬಿಸಿದರೆ ಇನ್ನೂರು ಸುತ್ತು. ಲೆಕ್ಕ ತಪ್ಪಬಾರದೆಂದು ಅಣ್ಣ ಎರಡು ಕುಡಿಕೆ, ಇಪ್ಪತ್ತು ಹುಣಸೆಬೀಜ ಕೊಟ್ಟಿದ್ದ. ಹತ್ತು ಸುತ್ತಿಗೆ ಒಂದು ಬೀಜವನ್ನು ಒಂದು ಕುಡಿಕೆಯಿಂದ ಇನ್ನೊಂದಕ್ಕೆ ಹಾಕಬೇಕು. ಬೀಜ ಮುಗಿದಾಗ ಗಚ್ಚು ಎತ್ತಬಹುದು.

"ಗಾಣದಾಗ ಮಂದಿ ಸುತ್ತು ಕದೀತಾರ" ಎಂದಿದ್ದ. "ಅದಕ್ಕ ನಾ ತಿಕ್ಕಿ ನೋಡೋದು. ನೀ ನಿಂತ್ರ ನಂಗ ಆ ಚಿಂತಿಲ್ಲ. ನಾ ಮ್ಯಾಲ ಕಮಾನಿನ ಕಡಿ ನೋಡ್ಕೊಂಡಿರ್ತೀನಿ."

ಎರಡು ಕಮಾನು ಆ ಲೆಕ್ಕದಲ್ಲೇ ಎದ್ದವು. ಮೂರನೆಯದು ಅರ್ಧಕ್ಕೆ ಬಂದಾಗ ಲಿಂಗಸೂಗೂರಿನಿಂದ ದೊಡ್ಡ ಸಾಹೇಬರು ಬಂದರು. ನೋಡಿ ಖುಷಿಯಾಗಿ, ಎಲ್ಲರ ಎದುರಿಗೆ ಹೇಳಿದರು: "ಪಹಿಲಾ ಮಳಿ ಬರೋದ್ರಾಗ ಈ ಕಮಾನು ಕೂಡಿಸು. ಕೂಡಿಸಿದ್ರ ನಿನ್ನ ಹೆಸರು ಮ್ಯಾಲ ಕಳಿಸ್ತೀನಿ. ಓವರ್ಸಿಯರ್."

ಖಡಿ ಒಡೆಯುವವನ ಮಗ ಓವರ್ಸಿಯರ್! ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಆ ಮಾತು ನನ್ನ ತಲೆಗೇ ಏರಿತು. ಅವನು ಡೇರೆಯೊಳಗೆ ಕುರ್ಚಿಯ ಮೇಲೆ ಕೂತದ್ದನ್ನು ನಾನು ಹಗಲಿನಲ್ಲೇ ಕಾಣತೊಡಗಿದೆ.

ಮೋಡಗಳು ಕೂಡತೊಡಗಿದವು. ಮೇಲಿಂದ ಗಚ್ಚಿಗಾಗಿ ಕೂಗು ಜೋರಾಯಿತು. ಎಲ್ಲರಿಗಿಂತ ಹಿರಿಯ ಗೌಂಡಿ ಒಬ್ಬನಿದ್ದ, ಬಾಯಿ ಬಹಳ. ಕಮಾನಿನ ನೆತ್ತಿಯ ಮೇಲಿಂದಲೇ ಒದರುತ್ತಿದ್ದ.

"ಏನವ್ವಾ, ಗಚ್ಚು ಅರಿಯಾಕತ್ತೀಯೋ, ದೇವರಿಗೆ ಗಂಧಾ ತೇಯಾಕತ್ತೀಯೋ?"

ಬುಟ್ಟಿ ಹೊರುವ ಹೆಂಗಸರೆಲ್ಲ ನಕ್ಕರು. "ನಿಮ್ಮಣ್ಣ ಓವರ್ಸಿಯರ್ ಆಗೋದು ಬ್ಯಾಡಾಗ್ಯಾದೇನು ನಿಂಗ?" ಎಂದು ಇನ್ನೊಬ್ಬ ಸೇರಿಸಿದ.

ಅದು ನನಗೆ ಚುಚ್ಚಿತು. ಆ ಮಧ್ಯಾಹ್ನ ಹತ್ತು ಸುತ್ತಿಗೆ ಒಂದರ ಬದಲು ಎರಡು ಬೀಜ ಹಾಕಿದೆ. ಇನ್ನೂರು ಸುತ್ತು ನೂರಾಯಿತು. ಗಚ್ಚು ನೋಡಲು ಹಾಗೇ ಇತ್ತು. ಬುಟ್ಟಿಗಳು ಮೇಲೆ ಹೋದವು. ಮುದುಕ ಗೌಂಡಿ "ಭೇಷ್ ನಮ್ಮವ್ವಾ!" ಅಂದ. ಮೂರು ದಿನ ಹಾಗೇ ಮಾಡಿದೆ. ಅಣ್ಣ ಎರಡು ಸಲ ಗಾಣದ ಪಕ್ಕದಲ್ಲೇ ಹಾದು ಹೋದ. ನನ್ನ ಮುಖ ನೋಡಿ ನಕ್ಕ, ಬೆರಳು ಚಾಚಲಿಲ್ಲ.

ಮಳೆಗೆ ಎರಡು ದಿನ ಮೊದಲೇ ಕಮಾನು ಕೂಡಿತು. ಅಣ್ಣ ಎಲ್ಲರಿಗೂ ಬೆಲ್ಲ ಹಂಚಿದ.

ಕಮಾನಿನ ಕೆಳಗಿನ ಕಟ್ಟಿಗೆಯ ಆಸರೆ ತೆಗೆಯುವುದು ತಿಂಗಳ ಮೇಲೆ. ಅಂಥ ದಿನ ಅಣ್ಣನ ಪದ್ಧತಿ ಬೇರೆ. ಎಲ್ಲರನ್ನೂ ಹಳ್ಳದ ಆಚೆ ದಂಡೆಗೆ ಕಳಿಸಿ, ಒಬ್ಬನೇ ಕೆಳಗೆ ನಿಂತು ಬೆಣೆಗಳನ್ನು ಬಡಿದು ಸಡಿಲಿಸುತ್ತಿದ್ದ. "ನಾ ಕಟ್ಟಿಸೀನಿ, ಬಿದ್ರ ನನ್ನ ಮ್ಯಾಲ ಬೀಳಲಿ" ಎಂದು ನಗೆಯಾಡುತ್ತಿದ್ದ. ಎರಡು ಕಮಾನು ಅಲುಗಲಿಲ್ಲ. ಮೂರನೆಯದರ ನಾಲ್ಕನೆಯ ಬೆಣೆಗೆ ಪೆಟ್ಟು ಬಿದ್ದಾಗ ಮೇಲಿಂದ ಮರಳು ಉದುರಿತು. ಅಣ್ಣ ಓಡಿದ. ಅವನ ಹಿಂದೆಯೇ ಕಮಾನು ಪೂರ್ತಿ ಕುಸಿದು ಹಳ್ಳ ತುಂಬಿತು.

ಧೂಳು ಇಳಿಯುವ ಮೊದಲೇ ಅವನು ಜನರನ್ನು ಎಣಿಸತೊಡಗಿದ್ದ. ಭುಜದಿಂದ ರಕ್ತ ಸೋರುತ್ತಿತ್ತು. ಎಂಬತ್ತೂ ಜನ ಇದ್ದಾರೆಂದು ಖಾತ್ರಿಯಾದ ಮೇಲೆ ಬಿದ್ದ ಕಲ್ಲೊಂದಕ್ಕೆ ಅಂಟಿದ್ದ ಗಚ್ಚನ್ನು ಕೆರೆದು ಬೆರಳುಗಳ ನಡುವೆ ತಿಕ್ಕಿದ. ಅದು ಜೋಳದ ಹಿಟ್ಟಿನಂತೆ ಉದುರಿತು. ಒಮ್ಮೆ ಗಾಣದ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡ.

ಲಿಂಗಸೂಗೂರಿನ ಕಚೇರಿಗೆ ಕರೆಸಿದರು. ಅಣ್ಣ, ಮುದುಕ ಗೌಂಡಿ, ನಾನು. ಸಾಹೇಬರ ಮೇಜಿನ ಮೇಲೆ ಒಂದು ಹಾಳೆಯಲ್ಲಿ ಆ ಪುಡಿಯಿತ್ತು.

"ಗಚ್ಚು ಯಾರ ಜಿಮ್ಮಾ ಇತ್ತು?"

"ನನ್ನ ಜಿಮ್ಮಾ ರೀ" ಎಂದ ಅಣ್ಣ. "ನಾ ಮುಟ್ಟಿ ನೋಡಬೇಕಾಗಿತ್ತು. ನೋಡಲಿಲ್ಲ. ತಪ್ಪು ನಂದು."

ಸಾಹೇಬರು ನನ್ನ ಕಡೆ ತಿರುಗಿದರು. "ಗಾಣದಾಗ ನೀ ಇದ್ದೆಲ್ಲಾ? ಸುತ್ತು ಪೂರಾ ಆಗಿದ್ವಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ಜವಾನರು, ಹೊರಗೆ ನಮ್ಮವರು, ಎಲ್ಲರೂ ಕೇಳುತ್ತಿದ್ದರು.

"ಆಗಿದ್ವು ರೀ" ಎಂದೆ.

ಆ ಒಂದು ಮಾತಿನಿಂದ ಏನಾಗುತ್ತದೆಂದು ನನಗೆ ಹೊಳೆಯಲಿಲ್ಲ. ಸುತ್ತು ಪೂರ್ತಿಯಾಗಿದ್ದರೆ, ಗಚ್ಚಿಗೆ ಸುಣ್ಣವೇ ಕಡಿಮೆ ಬಿದ್ದಿರಬೇಕು. ಸುಣ್ಣ ಅಳೆದು ಕೊಡುತ್ತಿದ್ದವನು ಅಣ್ಣ. ಹಾಗಾದರೆ ಉಳಿದ ಸುಣ್ಣ ಎಲ್ಲಿ ಹೋಯಿತು? ಸಾಹೇಬರು ಉರ್ದುವಿನಲ್ಲಿ ಏನೋ ಬರೆಸಿದರು. ಅದನ್ನು ಓದಬಲ್ಲವನು ನಮ್ಮ ಮೂವರಲ್ಲಿ ಅಣ್ಣ ಒಬ್ಬನೇ. ಸುಣ್ಣ ಕದ್ದವನೆಂದು ತನ್ನ ಬಗ್ಗೆ ಬರೆದದ್ದನ್ನು ಓದಿ, ಅದರ ಕೆಳಗೆ ಸಹಿ ಮಾಡಿದ.

ತಿರುಗಿ ಮಸ್ಕಿಗೆ ನಡೆದೇ ಬಂದೆವು. ಅವನು ಮುಂದೆ, ನಾನು ಹಿಂದೆ. ದಾರಿಯಲ್ಲಿ ಒಂದೇ ಸಲ ನಿಂತ. "ನೀರು ಕುಡೀತೀಯೇನು?" ಅಂದ. ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಕೇಳಬಾರದೆಂದೇ ಅವನು ಮುಂದೆ ಮುಂದೆ ನಡೆದನೆಂದು ಈಗ ಅನಿಸುತ್ತದೆ.

ಮೇಸ್ತ್ರಿಕೆ ಹೋಯಿತು. ಲಿಂಗಸೂಗೂರಿನ ಆಚೆ ಒಂದು ಕಲ್ಲುಗಣಿಗೆ ಹಾಕಿದರು. ಹೊರಡುವ ದಿನ ಗಂಟು ಕಟ್ಟುತ್ತ, "ಬರ್ತೀಯೇನವ್ವಾ ನನ್ನ ಕೂಡ?" ಎಂದು ಕೇಳಿದ.

"ಆ ಕಲ್ಲಾಗ ಬಂದು ನಾ ಏನು ಮಾಡ್ಲಿ?" ಅಂದೆ. ದಿನಾ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವನು ಹೋದ. ನಾನು ಮಸ್ಕಿಯಲ್ಲಿ ಅವರಿವರ ಮನೆಯ ಜೋಳ ಬೀಸಿಕೊಂಡು ಉಳಿದೆ. ಹಬ್ಬಕ್ಕೆ ಬರುತ್ತಿದ್ದ. ಎರಡು ರೊಟ್ಟಿ ತಿಂದು, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದ. ಅಲ್ಲಿ ಅಡುಗೆ ಯಾರು ಮಾಡುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಬಂಡೆಗೆ ಮದ್ದು ಹಾರಿಸುವ ಸಪ್ಪಳಕ್ಕೆ ಅವನ ಕಿವಿ ಮಂದವಾಗುತ್ತ ಬಂತು. ಬರಬರುತ್ತ ನಮ್ಮಿಬ್ಬರ ನಡುವೆ ಇದ್ದ ನಾಲ್ಕು ಮಾತೂ ನಿಂತವು.

ತುಂಗಭದ್ರೆಯ ಕಾಲುವೆಗಾಗಿ ತುರ್ವಿಹಾಳದ ಕಡೆ ಅಳತೆ ಶುರುವಾದಾಗ, ಏರುತಗ್ಗು ಬಲ್ಲವನೆಂದು ಅವನನ್ನು ಗಣಿಯಿಂದ ಅಲ್ಲಿಗೆ ಕರೆದರು. ಅದೂ ಕೂಲಿಯಾಳುಗಳ ಮುಂದಾಳಾಗಿ. ಒಂದು ದಿನ ಅವನ ಕೈಕೆಳಗೆ ಕಲಿತ ಗೌಂಡಿಯೊಬ್ಬ ಮಸ್ಕಿಯ ಸಂತೆಯಲ್ಲಿ ನನ್ನನ್ನು ನಿಲ್ಲಿಸಿದ.

"ಅಕ್ಕಾ, ಹೊಸ ಇಂಜಿನಿಯರ್ ಸಾಹೇಬ್ರು ಅಣ್ಣಾರನ್ನ ಓವರ್ಸಿಯರ್ ಮಾಡಬೇಕಂತ ಬಾಳ ಓಡಾಡಾಕತ್ತಾರ. ಅವರಿಗೆ ನೆಲದ ಏರುತಗ್ಗು ಅಳೆಯೋ ದುರ್ಬೀನು ಹಿಡಿಯೋ ಸೂಕ್ಷ್ಮ ತೋರಿಸಿದವ್ರೇ ನಿಮ್ಮಣ್ಣಾರು. ಆದ್ರ ಹಳೇ ಕಾಗದದಾಗ ಸುಣ್ಣ ಕದ್ದಾನಂತ ಬರದೈತಂತ. ಅಲ್ಲೇ ನಿಂತದ."

"ಅಣ್ಣ ಏನಂದ?"

"ಹಂಗ ಬರದಿದ್ರ ಇರಲಿ ಬಿಡ್ರಿ ಅಂತಾರ."

ಮರುದಿನ ಮುಂಜಾನೆಯೇ ಒಂದು ಹತ್ತಿಯ ಬಂಡಿ ಹಿಡಿದು ಸಿಂಧನೂರಿಗೆ ಹೋಗಿ, ಅಲ್ಲಿಂದ ತುರ್ವಿಹಾಳಕ್ಕೆ ಹೋದೆ. ದಾರಿಯಲ್ಲಿ ಆ ಹಳ್ಳ ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ. ಅಣ್ಣನೊಬ್ಬನಿಗೆ, ಮೆಲ್ಲಗೆ, ಕಿವಿಯಲ್ಲಿ ಹೇಳಿಬಿಡಬೇಕು. ಮುಂದಿನದನ್ನು ಅವನೇ ಸಾಹೇಬರಿಗೆ ಹೇಳಿಕೊಳ್ಳಲಿ. ಇದು ನನ್ನ ಲೆಕ್ಕಾಚಾರ. ಆಗಲೂ ನನಗೆ ನನ್ನ ಮರ್ಯಾದೆಯದೇ ಚಿಂತೆ.

ಕಪ್ಪುನೆಲದ ನಡುವೆ ಎರಡು ಡೇರೆ. ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ಅಣ್ಣ ಡೇರೆಯ ನೆರಳಿನಲ್ಲಿ, ಪ್ರಾಯದ ಇಂಜಿನಿಯರ್ ಒಬ್ಬರ ಪಕ್ಕದಲ್ಲಿ ನಕ್ಷೆಯ ಮೇಲೆ ಬಾಗಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಬಂದ.

"ಯವ್ವಾ! ನೀ ಬಂದೀಯಾ? ಉಂಡೀಯೇನು?"

ನಾನು ಹತ್ತಿರ ಹೋಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಹೇಳಬೇಕಾದ್ದನ್ನು ಹೇಳಿದೆ. ಅವನು ಹುಬ್ಬು ಗಂಟಿಕ್ಕಿ ನನ್ನ ತುಟಿಗಳನ್ನೇ ನೋಡಿದ. ಅಂಗೈಯನ್ನು ಕಿವಿಗೆ ಆನಿಸಿಕೊಂಡ.

"ಕಿವಿ ಪೂರಾ ಹೋಗ್ಯಾವವ್ವಾ. ಜೋರಾಗಿ ಅನ್ನು."

ಉಣ್ಣುತ್ತಿದ್ದವರಲ್ಲಿ ಒಬ್ಬ ನಕ್ಕು, "ಬಂಡಿಗಲ್ಲಿಗೆ ಮದ್ದು ಹಾರಿಸಿದಂಗ ಒದರಬೇಕ್ರಿ ಅಕ್ಕಾರ, ಇಲ್ಲಂದ್ರ ನಮ್ಮ ಮೇಸ್ತ್ರಿಗೆ ಮುಟ್ಟಂಗಿಲ್ಲ!" ಅಂದ. ಎಲ್ಲರೂ ನಕ್ಕರು. ಇಂಜಿನಿಯರ್ ಸಾಹೇಬರೂ ನಕ್ಷೆಯಿಂದ ತಲೆ ಎತ್ತಿದರು.

ನಾನು ಸೆರಗು ಬಿಟ್ಟೆ. "ಅಣ್ಣಾ, ಆ ಮೂರನೇ ಕಮಾನಿನ ಗಚ್ಚು..." ಎಂದು ಒದರಿದೆ. ಅಷ್ಟು ಅವನಿಗೆ ಕೇಳಿಸಿತು. ಥಟ್ಟನೆ ಕೈ ಎತ್ತಿದ. "ಬ್ಯಾಡ. ಬ್ಯಾಡವ್ವಾ, ಮಂದಿ ಅದಾರ" ಅಂದ. ಅವನಿಗೆ ಎಲ್ಲ ಗೊತ್ತಿತ್ತು. ಕಲ್ಲಿನಿಂದ ಕೆರೆದ ಗಚ್ಚು ಬೆರಳುಗಳ ನಡುವೆ ಪುಡಿಯಾದ ಆ ದಿನದಿಂದಲೇ ಗೊತ್ತಿತ್ತು. ಸಾಲಿನಲ್ಲಿ ಕೂತವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ.

"ಸುಣ್ಣ ನೀ ಕದ್ದಿಲ್ಲಣ್ಣಾ! ಸುತ್ತು ನಾ ಕದ್ದೆ! ಕಚೇರಿಯೊಳಗ ಪೂರಾ ಆಗ್ಯಾವಂತ ಸುಳ್ಳು ಹೇಳಿದವಳೂ ನಾನ! ನಿನ್ನ ಒಬ್ನನ್ನೇ ಆ ಕಲ್ಲಾಗ ಬಿಟ್ಟೆ. ನಂದು ತಪ್ಪಾತು. ತಪ್ಪಾತಣ್ಣಾ, ನಂಗ ಮಾಫ ಮಾಡು!"